ನೀರಿನ ಮಗ್ಗಲ ಒಣ ತೋಟ

– ಕಾಕಾ, ದೌಂಡ ಸ್ಟೇಷನ್ ಬಿಟ್ಟು ಅರ್ಧ ದಾರಿ ಬರೋ ತನಕ ಕಬ್ಬಿನ ಹೊರತು ಏನೂ ಕಾಣಲಿಲ್ರಿ. ಪುಣೆ–ಸೊಲ್ಲಾಪುರ ಹೆದ್ದಾರಿ ದಾಟಿ ಈ ಮಗ್ಗಲಿಗೆ ಬಂದ ಮ್ಯಾಲೆ ಒಮ್ಮೆಲೆ ಗುಡ್ಡ, ಗರಸು, ಅಂಜೂರ. ಇದೆಲ್ಲಾ ಒಂದೇ ತಾಲೂಕೇನ್ರಿ?

– ತಾಲೂಕು ಒಂದೇ, ನೆಲ ಎರಡು. ಬಡಗಣಕ್ಕ ಭೀಮಾ ಹೊಳಿ. ನಡುವ ಖಡಕವಾಸ್ಲಾ ಆಣೆಕಟ್ಟಿನ ಬಲದಂಡಿ ಕಾಲವಿ. ಅಲ್ಲೆಲ್ಲಾ ಕಬ್ಬು, ಬೆಲ್ಲದ ಗಾಣ. ಕೇಡಗಾಂವ ಕಡೆ ಹೋದ್ರ ಗಾಣದ ಹೊಗಿ ಮೂಗಿಗೆ ಬಡೀತದ. ತೆಂಕಣಕ್ಕ ಪುರಂದರ ಗಡಿಗೆ ಹತ್ತಿದ ಖೋರ್‌ನಂಥ ಊರಾಗ ಅಂಜೂರ, ಸೀತಾಫಲ, ದಾಳಿಂಬರಿ. ನೀರಿದ್ದವರು ಕಬ್ಬು ಹಚ್ಚಿದ್ರು, ನೀರಿಲ್ಲದವರು ಹಣ್ಣಿನ ಗಿಡ ಹಚ್ಚಿದ್ರು ಅಂತ ಮಂದಿ ಅಂತಾರ. ಅರ್ಧ ಖರೆ ಅದು.

– ಉಳಿದರ್ಧ?

– ಹಣ್ಣಿನ ಗಿಡಕ್ಕ ನೀರು ಕೊಡೋದು ಯಾರಿಗೂ ಬರ್ತದ. ಬೇಕಾದಾಗ ಬಂದ್ ಮಾಡಲಿಕ್ಕ ಬರೋ ನೆಲ ಸಿಗಬೇಕಲ್ಲ? ಕಬ್ಬಿನ ಸೀಮ್ಯಾಗ ಅದೇ ಸಿಗಂಗಿಲ್ಲ. ಈ ದಾಳಿಂಬರಿ ನೋಡು, ಎಲಿ ಹಳದಿ ಆಗಿ ಉದುರಲಿಕ್ಕ ಹತ್ತ್ಯಾವ. ಮೊನ್ನೆ ಮಗ್ಗಲ ಹೊಲದಾಂವ ಬಂದು, ಬಾವ್ಯಾಗ ನೀರಿಟಗೊಂಡು ಗಿಡ ಯಾಕ ಕೊಲ್ತೀ ಅಂದ. ಕಬ್ಬಿನಾಂವ ಅವ, ನೀರು ಹರೀಲಿಲ್ಲಂದ್ರ ನಿದ್ದಿ ಬರಂಗಿಲ್ಲ. ಅವಗ ಏನು ಹೇಳಲಿ? ನೀ ಬಾಗಲಕೋಟ ಯೂನಿವರ್ಸಿಟ್ಯಾಗ ತೋಟಗಾರಿಕಿ ಕಲಿತಾಕಿ. ನಾ ಮಾಡೋದನ್ನ ನೀ ಹೇಳು.

– ನೀವು ಎಷ್ಟು ದಿನದಿಂದ ನೀರು ಬಂದ್ ಮಾಡೀರಿ?

– ದೀಪಾವಳಿ ಆದ ಮ್ಯಾಲೆ ಸಾವಕಾಶ ಕಡಿಮಿ ಮಾಡಕೋತ ಬಂದೆ. ಪೂರಾ ಬಂದ್ ಮಾಡಿ ತಿಂಗಳ ಮ್ಯಾಲಾತು.

– ಹಂಗಿದ್ರ ಕೇಳ್ರಿ. ಬೇರಿನ ಸುತ್ತ ಮಣ್ಣು ಒಣಗಲಿಕ್ಕ ಹತ್ತಿದ್ರ ಗಿಡದಾಗ ಅಬ್ಸಿಸಿಕ್ ಆಮ್ಲ ಅಂಬೋ ಹಾರ್ಮೋನು ಏರ್ತದ. ಅದು ಎಲಿಗೆ ಮುಟ್ಟಿ ಪತ್ರರಂಧ್ರ ಮುಚ್ಚಸ್ತದ, ನೀರು ಆವಿ ಆಗೋದು ಕಡಿಮಿ ಆಗ್ತದ. ಇದು ಎಲ್ಲರಿಗೂ ಗೊತ್ತಿದ್ದ ಮಾತು. ಹಣ್ಣಿನ ಲೆಕ್ಕಕ್ಕ ಬೇಕಾದ್ದು ಇನ್ನೊಂದದ. ಹೊಸ ಚಿಗುರು ಬೆಳೀಬೇಕಂದ್ರ ಜೀವಕೋಶ ಒಳಗ ನೀರು ತುಂಬಿಕೊಂಡು ಉಬ್ಬಬೇಕು. ನೀರು ಸ್ವಲ್ಪ ಕಡಿಮಿ ಆದ್ರೂ ಮೊದಲು ನಿಲ್ಲೋದು ಈ ಉಬ್ಬೋ ಕೆಲಸ. ಬಿಸಿಲಿನಾಗ ಸಕ್ಕರಿ ತಯಾರು ಮಾಡೋದು ಅಷ್ಟು ಲಗೂ ನಿಲ್ಲಂಗಿಲ್ಲ. ನೀವು ರೇಲ್ವೆದಾಗ ನೌಕರಿ ಮಾಡಿದವರು, ಆ ಲೆಕ್ಕದಾಗ ಹೇಳಬೇಕಂದ್ರ ಖರ್ಚು ಬಂದ್ ಆಗ್ಯದ, ಪಗಾರ ಇನ್ನೂ ಬರಲಿಕ್ಕ ಹತ್ಯದ. ಆ ಕೆಲವು ವಾರದ ಪಗಾರ ಟೊಂಗಿ, ಕಾಂಡ, ಬೇರಿನಾಗ ಪಿಷ್ಟ ಆಗಿ ಕೂಡತದ. ಮುಂದ ನೀರು ಬಿಟ್ಟಾಗ ಎಲಿ ಇಲ್ಲದ ಗಿಡ ಮೈತುಂಬ ಹೂ ಬಿಡೋದು ಆ ಗಂಟು ಬಿಚ್ಚಿ.

– ಮತ್ತ ಬಂದ್ ಮಾಡಿದ್ದು ಹೆಚ್ಚಾದ್ರ?

– ಪಗಾರೂ ನಿಲ್ತದ. ಕೂಡಿಟ್ಟದ್ದನ್ನ ಗಿಡ ತಾನೇ ತಿಂದು ಮುಗಸ್ತದ. ಸಣ್ಣ ಟೊಂಗಿ ತುದಿಯಿಂದ ಒಣಗಿಕೋತ ಬರ್ತಾವ. ನೀರು ಏರೋ ಸಣ್ಣ ನಾಳದಾಗ ಗಾಳಿ ಸೇರಿದ್ರ ಆ ನಾಳ ಕೆಲಸ ಬಿಡ್ತದ, ಆಮ್ಯಾಲೆ ನೀರು ಕೊಟ್ರೂ ಮೇಲೇರಂಗಿಲ್ಲ. ಅದಕ್ಕ ಎಷ್ಟು ದಿನ ಅನ್ನೋದಕ್ಕಿಂತ ಎಂಥ ನೆಲ ಅನ್ನೋದು ದೊಡ್ಡದು. ಹಗುರ ನೆಲದಾಗ ತಿಂಗಳೊಪ್ಪತ್ತು ಸಾಕು. ಎರಿಭೂಮ್ಯಾಗ ಎರಡು ತಿಂಗಳಾದ್ರೂ ಮಣ್ಣಿನ ಆಳದಾಗ ಹಸಿ ಇರ್ತದ. ಗಿಡಕ್ಕ ಬರ ಬಿದ್ದದ್ದೇ ತಿಳಿಯಂಗಿಲ್ಲ.

– ಅದನ್ನೇ ನಾ ಹೇಳಿದ್ದು! ಹೊಳಿದಂಡಿ ಎರಿಯಾಗ ದಾಳಿಂಬರಿ ಹಚ್ಚಿದವರು ಇದ್ರು ಇಲ್ಲಿ. ಅಗದಿ ಚೆಂದ ಗಿಡ, ಆಳೆತ್ತರ, ಹಚ್ಚಗ. ಕಾಯಿ ಮಾತ್ರ ಬೆರಳೆಣಿಕಿ. ಮಗ್ಗಲ ಹೊಲದಾಗ ಕಬ್ಬಿಗೆ ನೀರು ಹಾಯಿಸಿದ್ರ ಇವರ ಗಿಡಕ್ಕೂ ಕೆಳಗಿಂದ ಹಸಿ ಬರ್ತಿತ್ತು. ತಾವು ಬಂದ್ ಮಾಡಿದ್ರೂ ಬಂದ್ ಆಗ್ತಿದ್ದಿಲ್ಲ. ಒಬ್ಬೊಬ್ಬರ ಬೇಲಿ ನೆಲದ ಮ್ಯಾಲಿರ್ತದ, ನೀರಿಗೆ ಬೇಲಿ ಎಲ್ಲದ?

– ಬಾರಾಮತಿಯೊಳಗ ಮಾಳೇಗಾಂವ ಅಂತ ಅದಲ್ರಿ, 2009ರಾಗ ಅಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಆತು. ಬರ, ಉಪ್ಪು, ಬಿಸಿಲು ಇಂಥ ತ್ರಾಸು ಬೆಳಿಗೆ ಏನು ಮಾಡ್ತಾವ ಅಂತ ಅಭ್ಯಾಸ ಮಾಡೋ ಸಂಸ್ಥೆ. ಅವರಿಗೆ ಸಿಕ್ಕ ನೆಲ ಬರೀ ಕಲ್ಲು, ಗರಸು. ಅಂಥದ್ರಾಗೇ ಗುಣಿ ತೋಡಿ, ಗರಸಿಗೆ ಮಣ್ಣು ಬೆರಸಿ ತುಂಬಿ ಹಣ್ಣಿನ ಗಿಡ ಬೆಳಸಿ ತೋರಿಸಿದ್ರು. ಇಲ್ಲಿಂದ ಬಾರಾಮತಿ ಗಾಡಿ ಹಿಡಿದ್ರ ಹೋಗಿ ನೋಡಿ ಬರಬಹುದು.

– ಆ ಗಾಡಿ ನನಗ ಗೊತ್ತಿಲ್ಲೇನು! ಇರ್ಲಿ, ಮೊದಲು ಸಜ್ಜಿ ರೊಟ್ಟಿ ತಗೋ. ಇಂದು ಎಳ್ಳಮಾಸಿ. ಇಲ್ಲಿ ಮಂದಿ ಇದನ್ನ ಮಾಡಂಗಿಲ್ಲ. ನಿಮ್ಮ ಕಾಕೂಗ ನಾನೇ ಕಲಿಸಿದ್ದು ಭಜ್ಜಿ ಮಾಡಲಿಕ್ಕ. ಮುಂಜಾನೆ ಚರಗಾ ಚೆಲ್ಲಿದ್ರ ಮಗ್ಗಲ ಹೊಲದ ಹುಡುಗರು, ಅನ್ನ ಯಾಕ ಚೆಲ್ಲತೀರಿ ಅಂತ ಕೇಳಿದ್ವು. ಹಂ, ಈಗ ಎಥ್ರೆಲ್ ಮಾತು ಹೇಳು. ಎಲಿ ಉದುರಸಲಿಕ್ಕ ಹೊಡೀತಾರಲ್ಲ, ಅದರ ಗುಟ್ಟೇನು?

– ಎಲಿ ತೊಟ್ಟಿನ ಬುಡದಾಗ ಒಂದು ತೆಳು ಪದರ ಇರ್ತದ. ಎಲಿ ತಾ ಗಟ್ಟಿ ಇರೋ ತನಕ ಆಕ್ಸಿನ್ ಕಳಸಕೋತ ಇರ್ತದ, ಪದರ ಸುಮ್ಮನಿರ್ತದ. ಆಕ್ಸಿನ್ ಕಡಿಮಿ ಆಗಿ ಎಥಿಲೀನ್ ಹೆಚ್ಚಾದ್ರ ಆ ಪದರದ ಜೀವಕೋಶದ ಗೋಡಿ ಕರಗ್ತದ, ಎಲಿ ಕಳಚ್ತದ. ಎಥ್ರೆಲ್ ಗಿಡದೊಳಗ ಹೋಗಿ ಎಥಿಲೀನ್ ಬಿಡೋ ಔಷಧ, ಅಷ್ಟೇ. ಆದ್ರ ನೀರು ಬಂದ್ ಮಾಡದ ಗಿಡಕ್ಕ ಹೊಡದ್ರ ಎಲಿ ಗಟ್ಟಿ ಹಿಡದು ಕೂಡತಾವ. ಆಗ ಮಂದಿ ಪ್ರಮಾಣ ಏರಸ್ತಾರ.

– ಏರಸಿ ಟೊಂಗಿ ಸುಟ್ಟುಕೊಂಡವರನ್ನ ಕಂಡೀನಿ. ಲೀಟರಿಗೆ ಒಂದೆರಡು ಮಿಲೀ ಅಂದ್ರ ಇವರು ಐದು ಹಾಕ್ತಾರ. ನಮ್ಮ ಮಂದಿಗೆ ಒಂದು ಚಮಚಾದಾಗ ಕೆಲಸ ಆದ್ರ ಎರಡು ಚಮಚಾದಾಗ ದುಪ್ಪಟ್ಟು ಆಗ್ತದ ಅಂಬೋ ನಂಬಿಕಿ. ನನ್ನ ಗಿಡ ತಾನೇ ಉದುರಸ್ತದ, ಉಳಿದ ಎಲಿಗೆ ಅಷ್ಟಿಷ್ಟು ಹೊಡದ್ರಾತು.

– ಯೂರಿಯಾ?

– ಬಹಾರದ ಮುಂದ, ಅಂದ್ರ ಹೂ ಬಿಡಸೋ ಹಂಗಾಮಿನ ಮುಂದ, ಯೂರಿಯಾ ಮುಟ್ಟಂಗಿಲ್ಲ.

– ಬರೋಬ್ಬರಿ. 1918ರಾಗ ಅಮೆರಿಕಾದ ಒರೆಗಾನ್‌ದಾಗ ಕ್ರಾಸ್, ಕ್ರೇಬಿಲ್ ಅಂತ ಇಬ್ರು ಟೊಮ್ಯಾಟೊ ಗಿಡದ ಮ್ಯಾಲೆ ಇದನ್ನೇ ನೋಡಿದ್ರು. ಸಾರಜನಕ ಬೇಕಾದಷ್ಟು ಸಿಕ್ಕು ಸಕ್ಕರಿ ಕಡಿಮಿ ಬಿದ್ರ ಗಿಡ ಬರೀ ಎಲಿ ಬೆಳಸ್ತದ. ಸಕ್ಕರಿ ಕೂಡಿ ಸಾರಜನಕ ಹಿತಮಿತ ಇದ್ರ ಕಾಯಿ ಹಿಡೀತದ. ಸಾರಜನಕ ಪೂರಾ ಕಸಗೊಂಡ್ರ ಎಲೀನೂ ಇಲ್ಲ, ಕಾಯೀನೂ ಇಲ್ಲ. ಆಮ್ಯಾಲಿನವರು ಲೆಕ್ಕ ಇಷ್ಟು ಸರಳ ಇಲ್ಲ ಅಂದ್ರು. ಹೂ ಬಿಡು ಅಂತ ಎಲಿಯಿಂದ ಕುಡಿಗೆ ಹೋಗೋ ಸಂದೇಶ ಒಂದು ಪ್ರೋಟೀನು ಅಂತ 2007ರಾಗ ತೋರಿಸಿದ್ರು. ಆದ್ರೂ ಹೊಲದಾಗ ನಿಂತಾಗ 1918ರ ಮಾತು ಇನ್ನೂ ಕೆಲಸಕ್ಕ ಬರ್ತದ.

– ಹಂಗಾದ್ರ ನನ್ನ ಅನುಮಾನ ಕೇಳು. ಹೂವಿನ ಮಾತು. ನೀರು ಬಿಟ್ಟ ಮ್ಯಾಲೆ ಕೆಂಪಗ ಹೂ ಮುತ್ತಿರ್ತಾವ, ವಾರದಾಗ ಅರ್ಧಕ್ಕಿಂತ ಹೆಚ್ಚು ನೆಲದ ಮ್ಯಾಲೆ. ಔಷಧದ ಅಂಗಡ್ಯಾಂವ ಪ್ರತಿ ವರ್ಷ ಒಂದು ಹೊಸ ಬಾಟ್ಲಿ ಕೊಡ್ತಾನ.

– ಬಿದ್ದ ಹೂ ಎತ್ತಿ ಬುಡ ನೋಡ್ರಿ ಕಾಕಾ. ದಾಳಿಂಬರ್ಯಾಗ ಗಂಟಿಯಂಥ ಹೂ ಬ್ಯಾರೆ, ಗಡಿಗಿಯಂಥ ಹೂ ಬ್ಯಾರೆ. ಗಂಟಿ ಆಕಾರದ್ದು ಗಂಡು, ಅದರ ಅಂಡಾಶಯ ಬೆಳೆದಿರಂಗಿಲ್ಲ. ಬುಡ ದುಂಡಗ ಗಡಿಗಿಯಂಗಿದ್ದದ್ದು ದ್ವಿಲಿಂಗಿ, ಕಾಯಿ ಆಗೋದು ಅದು. ಗಂಡು ಹೂ ಬೀಳೋದು ಅದರ ಧರ್ಮ, ಅದಕ್ಕ ಔಷಧ ಬ್ಯಾಡ. ಗಡಿಗಿ ಹೂ ಎಷ್ಟು ಅವ ಅಂಬೋದು ಕೂಡಿಟ್ಟ ಗಂಟಿನ ಮ್ಯಾಲೆ. ಮೊದಲ ಅಲಿಯಾಗ ಬಂದ ಗಡಿಗಿ ಹೂವಿನ ಕಾಯಿ ದೊಡ್ಡದಾಗ್ತದ. ಅವನ್ನ ಉಳಿಸಿ, ಹಿಂದ ಬಂದದ್ದನ್ನ ಕಿತ್ತು ಒಗೀರಿ.

– ಕೀಳಲಿಕ್ಕ ಕೈ ಏಳಂಗಿಲ್ಲ ತಾಯಿ.

– ಯಾರಿಗೂ ಏಳಂಗಿಲ್ರಿ. ನಮ್ಮ ಅಪ್ಪಾರು ಇಂಡಿಯಾಗ ಲಿಂಬಿ ಗಿಡದ ಮುಂದ ನಿಂತು ಒಂದು ಕಾಯೀನೂ ಕಿತ್ತವರಲ್ಲ. ಅಂದಹಂಗ ಈ ಗಿಡ ಭಗವಾ ಅಲ್ರಿ?

– ಭಗವಾ. ಮೊದಲು ಗಣೇಶ ಇತ್ತು. ಗಣೇಶದ ಕಥಿ ಗೊತ್ತೇನು? ನಮ್ಮ ಹೊಳಿ ನಂಟಸ್ತನ ಅದ ಅದಕ್ಕ. ಆಳಂದಿ ತಳಿ ಅಂತ ಇತ್ತು, ನಮ್ಮ ಭೀಮಾಕ್ಕ ಕೂಡೋ ಇಂದ್ರಾಯಣಿ ದಂಡಿಯ ಆಳಂದಿ, ಜ್ಞಾನೇಶ್ವರ ಮಹಾರಾಜರ ಊರು. ಆ ತಳಿಯ ಬೀಜದಿಂದ ಬಂದ ಸಸಿಯೊಳಗ ಡಾ. ಜಿ.ಎಸ್. ಚೀಮಾ ಅವರು ಪುಣೆಯ ಗಣೇಶಖಿಂಡ ತೋಟದಾಗ 1936ರಾಗ ಒಂದನ್ನ ಆರಿಸಿದ್ರು. ಜಿಬಿಜಿ–1 ಅಂತ ಕರೀತಿದ್ರು, 1970ರಾಗ ಗಣೇಶ ಅಂತ ಹೆಸರಿಟ್ರು. ಬೀಜ ಮೆತ್ತಗ, ಕಾಳು ಸ್ವಲ್ಪ ಬಿಳಿಚು.

– ಭಗವಾ ಹುಟ್ಟಿದ್ದೂ ಗಣೇಶದಿಂದನೇ. ಗುಲ್-ಎ-ಶಾ ರೆಡ್ ಜೋಡಿ ಅದನ್ನ ಕೂಡಿಸಿ ರಾಹುರಿ ಕೃಷಿ ವಿದ್ಯಾಪೀಠದವರು ಮಾಡಿದ್ದು. ಕೆಂಪು ಬಂತು, ಮೆತ್ತನ ಬೀಜಾನೂ ಉಳೀತು. ಬಾಗಲಕೋಟ, ವಿಜಯಪುರ, ಕೊಪ್ಪಳ ಎಲ್ಲಾ ಕಡೆ ಈಗ ಅದೇ. ಒಂದೇ ತಳಿ ಅಷ್ಟು ದೂರ ಹಬ್ಬಿದ್ರ ರೋಗಕ್ಕೂ ದಾರಿ ಸಲೀಸು. ದುಂಡಾಣು ಅಂಗಮಾರಿ ಗೂಟಿ ಕಲಮಿನ ಜೋಡಿನೇ ಊರೂರಿಗೆ ಹೋತು. ಅಗ್ಗದ ಸಸಿ ತಂದವರ ಪಡ ಎಷ್ಟೋ ಬುಡಸಹಿತ ಕೀಳಬೇಕಾತು.

– ತೇಲ್ಯಾ ಅಂತಾರ ಇಲ್ಲಿ ಅದಕ್ಕ. ಅದರ ಸಲುವಾಗೇ ನಾ ಮೃಗ ಬಹಾರ ಬಿಟ್ಟದ್ದು. ಮೃಗಶಿರಾ ಮಳಿಗೆ ಹೂ ಬಂದ್ರ ನೀರಿನ ಖರ್ಚಿಲ್ಲ, ಆದ್ರ ಮಳಿ ಹನಿ ಸಿಡಿದು ರೋಗ ಗಿಡದಿಂದ ಗಿಡಕ್ಕ ಹಾರ್ತದ. ಹಸ್ತ ಬಹಾರದ ಹಣ್ಣಿಗೆ ರೇಟು ಚಲೋ, ಆದ್ರ ಅದಕ್ಕ ಆಗಸ್ಟ್, ಸೆಪ್ಟೆಂಬರಿನಾಗ ಗಿಡ ಬಾಡಸಬೇಕು. ಮಳಿಗಾಲದಾಗ ಬಾಡಸ್ತೀನಿ ಅಂದ್ರ ಮ್ಯಾಲಿನಾಂವ ಕೇಳಬೇಕಲ್ಲ. ಅಂಬೆ ಬಹಾರ ನನ್ನ ಕೈಯಾಗಿನದು. ಡಿಸೆಂಬರಿನಾಗ ಒಣಗಸೋದು, ಜನವರ್ಯಾಗ ನೀರು. ಬ್ಯಾಸಗಿ ಪೂರಾ ನೀರು ಕೊಡಬೇಕಾಗೋದೇ ಒಂದು ತ್ರಾಸು.

– ಲಿಂಬಿಗೂ ಹಸ್ತ ಬಹಾರಾನೇ ರೊಕ್ಕದ ಬಹಾರ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಲಿಂಬಿ ಬಂದ್ರ ಕೇಳಿದ ರೇಟು. ಜೂನದಾಗ 50 ಪಿಪಿಎಂ ಜಿಬ್ಬರೆಲಿಕ್ ಆಮ್ಲ, ಸೆಪ್ಟೆಂಬರದಾಗ 1000 ಪಿಪಿಎಂ ಸೈಕೋಸೆಲ್, ಅಕ್ಟೋಬರದಾಗ ನೂರಕ್ಕ ಒಂದು ಪೊಟ್ಯಾಸಿಯಂ ನೈಟ್ರೇಟ್ ಅಂತ ಶಿಫಾರಸು ಅದ.

– ಜಿಬ್ಬರೆಲಿಕ್ ಅಂದ್ರ ದ್ರಾಕ್ಷಿ ಉದ್ದ ಮಾಡಲಿಕ್ಕ ಹೊಡೀತಾರಲ್ಲ, ಅದೇ? ಹೂ ಬೇಕಾದವರು ಅದನ್ನ ಯಾಕ ಹೊಡೀಬೇಕು?

– ಹೂ ಬ್ಯಾಡಾದ ಕಾಲಕ್ಕ ಬರಬಾರದಂತ. ಹಣ್ಣಿನ ಗಿಡದಾಗ ಜಿಬ್ಬರೆಲಿನ್ ಬಹಳಷ್ಟು ಸರ್ತಿ ಹೂವಿನ ವೈರಿ. ಜೂನದಾಗ ಹೊಡದ್ರ ಮಳಿಗಾಲದ ಹೂ ತಡೀತದ, ಆ ಶಕ್ತಿ ಉಳೀತದ. ಸೆಪ್ಟೆಂಬರಿನಾಗ ಹೊಡ್ಯೋ ಸೈಕೋಸೆಲ್ ಗಿಡ ತಾನೇ ಜಿಬ್ಬರೆಲಿನ್ ಮಾಡೋದನ್ನ ತಗ್ಗಸ್ತದ, ಚಿಗುರು ನಿಲ್ತದ, ಹೂವಿಗೆ ದಾರಿ ಬಿಡ್ತದ. ಮಳಿ ಬಂದು ನೀರು ಬಂದ್ ಮಾಡಲಿಕ್ಕ ಆಗದಿದ್ದ ಕಡೆ ಇದೊಂದು ಉಪಾಯ. ಇದನ್ನ ತಿಳಕೊಂಡ್ರ ಮಾವಿನ ಗಿಡದ ಹಟಾನೂ ತಿಳೀತದ ನೋಡ್ರಿ.

– ಒಂದು ವರ್ಷ ಹೊರಲಾರದಷ್ಟು ಬಿಟ್ಟು ಮರುವರ್ಷ ಸುಮ್ಮನ ಕೂಡೋದು?

– ಅದೇ. ದಣದದ ಅಂತಾರ. ದಣಿವು ಇರ್ತದ, ಗಂಟು ಖಾಲಿ ಆಗಿರ್ತದ. ಆದ್ರ ಅಷ್ಟರಾಗ ಮುಗಿಯಂಗಿಲ್ಲ. 1967ರಾಗ ಚಾನ್, ಕೇನ್ ಅಂಬೋರು ಸೇಬಿನ ಮ್ಯಾಲೆ ಒಂದು ಪ್ರಯೋಗ ಮಾಡಿದ್ರು. ಬೀಜ ಇಲ್ಲದ ಹಣ್ಣೂ ಕೊಡೋ ತಳಿ ಅದು. ಪರಾಗ ಮುಟ್ಟಿಸಿದ್ರ ಬೀಜ, ಮುಟ್ಟಿಸದಿದ್ರ ಬೀಜ ಇಲ್ಲ. ಬೀಜ ಇದ್ದ ಹಣ್ಣು ಹೊತ್ತ ಟೊಂಗಿ ಮರುವರ್ಷ ಹೂ ಬಿಡಲಿಲ್ಲ. ಬೀಜ ಇಲ್ಲದ್ದು ಹೊತ್ತ ಟೊಂಗಿ ಬಿಡ್ತು. ಹೊತ್ತದ್ದು ಎರಡೂ ಹಣ್ಣೇ. ಎಳೇ ಬೀಜದಿಂದ ಹೊರಬಿದ್ದ ಜಿಬ್ಬರೆಲಿನ್ ಮಗ್ಗಲ ಮೊಗ್ಗಿನ ಮುಂದಿನ ವರ್ಷದ ಹೂ ಅಳಸಿ ಹಾಕಿರ್ತದ. ಅದಕ್ಕ ಕಾಯಿ ಕೀಳೋದಿದ್ರ ಸಣ್ಣದಿದ್ದಾಗ ಕೀಳಬೇಕು. ಬಲಿತ ಮ್ಯಾಲೆ ಕಿತ್ರ ಈ ವರ್ಷದ ಹಣ್ಣು ದೊಡ್ಡದಾಗಬಹುದು, ಮುಂದಿನ ವರ್ಷದ ನಿರ್ಣಯ ಆಗಿ ಹೋಗಿರ್ತದ.

– ಅಂದ್ರ ನಾವು ಹೂ ಕಂಡು ಖುಷಿ ಪಡೋ ಹೊತ್ತಿಗೆ ಎಲ್ಲಾ ಮುಗಿದಿರ್ತದ.

– ತಿಕೋಟಾದ ಸೋದರಮಾವನ ದ್ರಾಕ್ಷಿ ಪಡದಾಗ ಇದು ಕಣ್ಣಿಗೆ ಕಾಣ್ತದ. ನಮ್ಮಲ್ಲಿ ದ್ರಾಕ್ಷಿಗೆ ಎರಡು ಚಾಟ್ನಿ, ಅಂದ್ರ ಎರಡು ಸರ್ತಿ ಕಡ್ಡಿ ಕತ್ತರಸೋದು. ಯುರೋಪಿನಾಗ ಚಳಿಗೆ ಬಳ್ಳಿ ಮಲಗ್ತದ, ಒಂದು ಚಾಟ್ನಿ ಸಾಕು. ಇಲ್ಲಿ ಮಲಗಸೋ ಚಳೀನೇ ಇಲ್ಲ. ಏಪ್ರಿಲ್ ಚಾಟ್ನಿ ಮಾಡಿ ಹೊಸ ಕಡ್ಡಿ ಬೆಳಸ್ತಾರ, ಅಕ್ಟೋಬರ್ ಚಾಟ್ನಿ ಮಾಡಿ ಗೊನಿ ತಗೋತಾರ. ಮಂದಿ ಔಷಧ, ಆಳು, ಚಿಂತಿ ಎಲ್ಲಾ ಅಕ್ಟೋಬರಿಗೆ ಇಡ್ತಾರ. ಗೊನಿ ಹುಟ್ಟೋದು ಮಾತ್ರ ಏಪ್ರಿಲ್ ಚಾಟ್ನಿ ಆಗಿ ನಲವತ್ತು–ಅರವತ್ತು ದಿನದ ಸುಮಾರಿಗೆ, ಕಡ್ಡಿ ಕಣ್ಣಿನ ಒಳಗ, ಯಾರಿಗೂ ಕಾಣದಂಗ. ಆವಾಗ ಮೋಡ ಮುಚ್ಚಿದ್ರ, ಎಲಿ ಒತ್ತಾಗಿ ಬಿಸಿಲು ಕಣ್ಣಿಗೆ ತಾಗದಿದ್ರ, ಗೊನಿ ಆಗಬೇಕಾದ್ದು ಬರೀ ಕುಡಿಬಳ್ಳಿ ಆಗ್ತದ. ಸೆಪ್ಟೆಂಬರಿನಾಗ ಕಡ್ಡಿ ಒಯ್ದು ಸೂಕ್ಷ್ಮದರ್ಶಕದಾಗ ಪರೀಕ್ಷೆ ಮಾಡಸ್ತಾರ. ಯಾವ ಕಣ್ಣಿನಾಗ ಗೊನಿ ಅದ ನೋಡಿ ಅಲ್ಲಿಗೆ ಕತ್ತರಿ ಹಾಕೋದು.

– ನಾಳೆ ಮಾಂಜರಿಗೆ ನೀ ಹೊಂಟದ್ದೂ ಅದಕ್ಕೇ ಅಲ್ಲ?

– ಹೌದ್ರಿ, 1997ರಾಗ ಶುರುವಾದ ದ್ರಾಕ್ಷಿ ಸಂಶೋಧನಾ ಕೇಂದ್ರ. ಮುಂಜಾನಿ ಪುಣೆ ಲೋಕಲ್ ಹಿಡೀತೀನಿ. ಈಗ ನಿಮ್ಮ ಅಂಜೂರ ತೋರಸ್ರಿ. ಮಂದಿ ಇದರ ಹೂ ಯಾರೂ ಕಂಡಿಲ್ಲ ಅಂತಾರ.

– ಕಾಯಿ ಸೀಳಿದ್ರ ಒಳಗೆಲ್ಲಾ ಹೂವೇ. ನಾವು ತಿನ್ನೋದು ಹೂವಿನ ಗೊಂಚಲಾ. ತಗೋ, ಎಳೇದದ, ಹಾಲು ಕೈಗೆ ಹತ್ತಿದ್ರ ಉರೀತದ ಮತ್ತ.

– ಬೀಜ ಪೊಳ್ಳು. ಪುಣೆ ಅಂಜೂರಕ್ಕ ಪರಾಗ ಬೇಕಾಗಂಗಿಲ್ಲ, ತಾನೇ ಕಾಯಿ ಆಗ್ತದ. ಟರ್ಕಿಯ ಸ್ಮಿರ್ನಾ ಜಾತಿ ಹಂಗಲ್ಲ. ಒಂದು ಸಣ್ಣ ಕಣಜ ಒಳಹೊಕ್ಕು ಪರಾಗ ಮುಟ್ಟಿಸಬೇಕು. 1880ರ ದಶಕದಾಗ ಕ್ಯಾಲಿಫೋರ್ನಿಯಾದವರು ಆ ಗಿಡ ತಂದು ಹಚ್ಚಿದ್ರು. ಗಿಡ ಬೆಳದ್ವು, ಕಾಯಿ ಎಲ್ಲಾ ಉದುರಿ ಬಿದ್ವು. ಕಣಜ ತಂದು 1899ರಾಗ ಅದು ನೆಲಿ ನಿಂತ ಮ್ಯಾಲೇನೇ ಹಣ್ಣು. ಖೋರದವರಿಗೆ ಆ ಕಷ್ಟ ಇಲ್ಲ.

– ಬ್ಯಾರೆ ಅದಾವ. ತಾಂಬೇರಾ ರೋಗ ಬಂದ್ರ ಎಲಿ ತುಕ್ಕು ಹಿಡದು ಗಿಡ ಬೋಳಾಗ್ತದ. ಮತ್ತ ಅಂಜೂರ ಹರಿದ ಮ್ಯಾಲೆ ಎರಡು ದಿನ ತಡೆಯಂಗಿಲ್ಲ, ರಾತ್ರಿ ತುಂಬಿ ಬೆಳಗಿನ್ಯಾಗ ಪುಣೆ ಮಾರ್ಕೆಟಿಗೆ ಮುಟ್ಟಬೇಕು. ಮಗ್ಗಲ ಪುರಂದರ ಅಂಜೂರಕ್ಕ 2016ರಾಗ ಭೌಗೋಳಿಕ ಗುರುತು ಸಿಕ್ತು, ಹೆಸರು ದೊಡ್ಡದಾತು. ಹಣ್ಣಿನ ಸಿಪ್ಪಿ ದಪ್ಪ ಆಗಲಿಲ್ಲ!

– ಇದಕ್ಕೂ ಎರಡು ಬಹಾರ ಅವ ಅಲ್ರಿ?

– ಖಟ್ಟಾ ಬಹಾರ, ಮೀಠಾ ಬಹಾರ. ಮಳಿಗಾಲದ ಮುಂದ ವಿಶ್ರಾಂತಿ ಕೊಟ್ಟು ಚಳಿಗಾಲದಾಗ ತಗೊಂಡದ್ದು ಖಟ್ಟಾ. ಮಳಿ ಮುಗಿದ ಮ್ಯಾಲೆ ವಿಶ್ರಾಂತಿ ಕೊಟ್ಟು ಬ್ಯಾಸಗಿಗೆ ತಗೊಂಡದ್ದು ಮೀಠಾ. ಗಿಡ ಒಂದೇ, ನೆಲ ಒಂದೇ. ಬಿಸಿಲಿನಾಗ ಮಾಗಿದ್ದು ಸಕ್ಕರಿ.

– ಹೊಸ ಕುಡಿಯ ಎಲಿ ಕಂಕುಳದಾಗೇ ಕಾಯಿ ಬರೋದ್ರಿಂದ ಅಂಜೂರದ್ದು ಸಲೀಸು. ಎಷ್ಟು ಹೊಸ ಕುಡಿ, ಅಷ್ಟು ಕಾಯಿ. ಈಜಿಪ್ತಿನವರು ಅವರ ಸಿಕಮೋರ್ ಅಂಜೂರದ ಕಾಯಿಗೆ ಕಬ್ಬಿಣದ ಉಗುರಿನಿಂದ ಗೀರಿ ಬಿಡ್ತಿದ್ರಂತ, ನಾಲ್ಕು ದಿನಕ್ಕ ಮಾಗ್ತಿತ್ತಂತ. ಎರಡು ಸಾವಿರ ವರ್ಷದ ಹಿಂದೇ ಗ್ರೀಸಿನ ಥಿಯೋಫ್ರಾಸ್ಟಸ್ ಬರದಿಟ್ಟಾನ. ಗಾಯ ಆದ್ರ ಎಥಿಲೀನ್ ಬರ್ತದ, ಎಥಿಲೀನ್ ಬಂದ್ರ ಕಾಯಿ ಮಾಗ್ತದ. ನಿಮ್ಮ ಎಥ್ರೆಲ್ ಬಾಟ್ಲಿಯ ಮುತ್ತಜ್ಜ ಆ ಉಗುರು.

– ಇರ್ಲಿ, ಈಗ ಖರೆ ಚಿಂತಿ ಹೇಳ್ತೀನಿ. ಮ್ಯಾಲಿನ ಹೊಲದಾಂವ ಪೈಪ್‌ಲೈನ್ ತರಲಿಕ್ಕ ಹತ್ಯಾನ. ಜನಾಯಿ–ಶಿರಸಾಯಿ ಏತ ನೀರಾವರಿ ನೀರು ಈ ಕಡೆ ಕೆಲವು ಊರಿಗೆ ಬರ್ತದ. ನೀರು ಬಂತಂದ್ರ ಅವ ಕಬ್ಬು ಹಚ್ಚೋದು ಖಾತ್ರಿ. ಅವನ ಹೊಲ ಎತ್ತರ, ನಂದು ಇಳಿಜಾರು.

– ನೀರು ಬರಬಾರದು ಅಂತ ಅನ್ನಲಿಕ್ಕೂ ಬರಂಗಿಲ್ಲ.

– ಹೆಂಗಂತೀನಿ? ಎಪ್ಪತ್ತೆರಡರ ಬರ ಕಂಡ ಸೀಮಿ ಇದು. ಬರ್ಲಿ. ನಾ ಇಬ್ಬರ ನಡುವ ಆಳ ಚರಿ ಹೊಡಸ್ತೀನಿ, ಗರಸಿನ ತನಕ. ಬಂದ ಹಸಿ ಚರ್‍ಯಾಗ ಇಳಿದು ಹಳ್ಳಕ್ಕ ಹೋಗಬೇಕು. ಅವನಿಗೂ ಹೇಳೀನಿ, ಕಬ್ಬು ಹಚ್ಚಿದ್ರ ಡ್ರಿಪ್ ಮ್ಯಾಲೆ ಹಚ್ಚು ಅಂತ. ನೋಡೂಣು ಅಂದಾನ. ಅದು ಬಿಡು, ನನ್ನ ದಾಳಿಂಬರಿಗೆ ನೀರು ಯಾವಾಗ ಬಿಡಲಿ?

– ಗಿಡದಿಂದ ಒಂದು ಮೊಳ ದೂರ, ಒಂದೂವರೆ ಮೊಳ ಆಳ ಅಗದು ಮಣ್ಣು ಹಿಡಕಿ ಕಟ್ಟಿ ನೋಡಿದೆ. ಇನ್ನೂ ಸ್ವಲ್ಪ ಅಂಟ್ತದ. ಟೊಂಗಿ ತುದಿ ಒಣಗಿಲ್ಲ. ಎಲಿ ಅರ್ಧದಷ್ಟು ಉದುರ್‍ಯಾವ. ನಾ ಆಗಿದ್ರ ಇನ್ನೆಂಟು ದಿನ ತಡೀತಿದ್ದೆ. ಆಮ್ಯಾಲೆ ಸಣ್ಣ ಚಾಟ್ನಿ, ತಿಪ್ಪಿಗೊಬ್ಬರ, ಮೊದಲನೇ ನೀರು ಹಗುರ. ಒಮ್ಮೆಲೆ ತುಂಬಿ ಬಿಟ್ರ ಹೂವಿನ ಬದ್ಲಿ ಚಿಗುರು ಏಳ್ತದ, ಬಂದ ಹೂವೂ ಉದುರ್ತದ.

– ಎಂಟು ದಿನ ತಡದ್ರ ಸಂಕ್ರಾಂತಿ ದಾಟ್ತದ. ಸಂಕ್ರಾಂತಿ ಆಗಿ ನೀರು ಬಿಟ್ರ ಹಣ್ಣು ಜುಲೈದಾಗ ಮುಗಿಯಂಗಿಲ್ಲ, ಅರ್ಧ ಮಳ್ಯಾಗ ಸಿಗತದ. ನಾ ನಾಡಿದ್ದೇ ಬಿಡ್ತೀನಿ.

– ಹೂ ಕಡಿಮಿ ಬರ್ತಾವ ಕಾಕಾ.

– ಬರ್ಲಿ. ಹಂಗೂ ಗಿಡಕ್ಕ ಅರವತ್ತು–ಎಪ್ಪತ್ತರ ಮ್ಯಾಲೆ ಕಾಯಿ ಬಿಡಬ್ಯಾಡ ಅಂತ ನೀವೇ ಹೇಳ್ತೀರಿ. ಮೊದಲೇ ಕಡಿಮಿ ಬಂದ್ರ ಕೀಳೋ ಆಳಿನ ಪಗಾರ ಉಳೀತದ.

– ಏಪ್ರಿಲಿನಾಗ ಬಾವಿ ತಳ ಕಂಡ್ರ?

– ಎಣಸಿ ಅರ್ಧ ಕಾಯಿ ಕಿತ್ತು ಒಗೀತೀನಿ. ನೀ ಬಂದು ಬಾಜೂಕ ನಿಂದ್ರು, ನನ್ನ ಕೈ ಏಳದಿದ್ರ ನೀ ಕೀಳೂವಿಯಂತ.